ಸಾಲು ಹದಿನಾಲ್ಕು

ಟಮಕದ ಗುಡ್ಡದ ಪಕ್ಕ ನಮ್ಮ ವಿಭಾಗ.
ಹಳೆಯ ಸ್ಟೋರ್ ರೂಮಿಗೆ ಥರ್ಮೋಕೋಲ್ ಅಂಟಿಸಿ
ಮಾಡಿದ ಪ್ರಯೋಗಶಾಲೆ. ಸದ್ದು ಒಳಗೆ ಬರಬಾರದು.
ಬರುತ್ತದೆ. ಹೆದ್ದಾರಿಯ ಲಾರಿ, ಪಂಪಿನ ಕೆಮ್ಮು,
ಕಿಟಕಿ ಸರಳಿಗೆ ಮೂತಿಯಿಟ್ಟು ಮಿಕಿಮಿಕಿ ನೋಡುವ ಕೋತಿ.

ನನ್ನ ಪ್ರಬಂಧದ ಪ್ರಶ್ನೆ ಸಣ್ಣದು:
ಒಂದು ತಲೆ ಒಂದು ಸಲಕ್ಕೆ ಎಷ್ಟು ಅಂಕಿ ಹಿಡಿದೀತು?
ಏಳು ಎನ್ನುತ್ತದೆ ಪಠ್ಯ, ಎರಡು ಹೆಚ್ಚು, ಎರಡು ಕಮ್ಮಿ.
ಕನ್ನಡದಲ್ಲಿ ಕೇಳಿದರೆ?
ಒಂಬತ್ತು ಹೇಳಲು ಐದಕ್ಕಿಂತ ಹೊತ್ತು ಬೇಕು,
ನಾಲಿಗೆ ತಡಮಾಡಿದಷ್ಟೂ ಹಿಂದಿನ ಅಂಕಿ ಜಾರುತ್ತದೆ.

ಮೊದಲ ಹದಿಮೂರು ಜನ ಬಹುತೇಕ ಹಾಸ್ಟೆಲಿನವರೇ.
ಒಂದು ಸಮೋಸಕ್ಕೆ ಒಂದು ಮಿದುಳು.

ಹದಿನಾಲ್ಕನೆಯವರು ಘೌಸ್ ಸಾಬ್,
ಟೊಮೆಟೊ ಮಂಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಹರಾಜು ಕೂಗುವವರು.
"ಸೂಜಿ ಚುಚ್ಚಲ್ಲ ತಾನೆ?" ಎಂದು ಕೂತರು,
ಹೆಡ್‌ಫೋನನ್ನು ಟೋಪಿಯ ಮೇಲೇ ಹಾಕಿಕೊಂಡರು.

ಏಳು. ನಾಲ್ಕು. ಒಂಬತ್ತು. ಎರಡು. ಆರು.
ಯಂತ್ರದ ದನಿ, ಸೆಕೆಂಡಿಗೊಂದು.
ಅವರು ತೆಲುಗಲ್ಲಿ ಮರಳಿಸಿದರು: ಏಡು, ನಾಲುಗು, ತೊಮ್ಮಿದಿ...
ಸರಿಯೇ. ಆದರೆ ಹಾಳೆಯಲ್ಲಿ ಅದಕ್ಕೆ ಮನೆಯಿಲ್ಲ.
ಆರು ಅಂಕಿಯ ಪಟ್ಟಿ ಬಂದಾಗ ಕೈಯೆತ್ತಿದರು:
"ತಾಯೀ, ಯಾರ್ದು ಈ ಏಳು?"
ಯಾರದ್ದೂ ಅಲ್ಲ ಸಾಬ್, ಬರೀ ಏಳು.
"ಬರೀ ಏಳು ಎಲ್ಲಾದ್ರೂ ಇರ್ತದಾ?"

ನಕ್ಕು, ಆ ಬೆಳಗಿನ ಮಂಡಿಯನ್ನು ಮೇಜಿನ ಮೇಲೆ ಸುರಿದರು:
ವಕ್ಕಲೇರಿ ಚೌಡರೆಡ್ಡಿ, ನಲವತ್ತು ಬಾಕ್ಸು, ಮುನ್ನೂರ ಹತ್ತು.
ಸುಗಟೂರು ರತ್ನಮ್ಮ, ಹನ್ನೆರಡು, ಇನ್ನೂರ ಎಂಬತ್ತು, ಕಾಯಿ ಇನ್ನೂ ಹಸಿರು.
ಹೋಳೂರಿನ ಅಣ್ಣತಮ್ಮ, ಒಂದೇ ತೋಟ, ಎರಡು ಚೀಟಿ,
ಮಾತು ಬಿಟ್ಟಿದ್ದಾರೆ, ಎದುರುಬದುರು ನಿಲ್ಲಲ್ಲ.
ನಾನು ಬೆರಳು ಮಡಿಸುತ್ತ ಎಣಿಸಿದೆ.
ಅರವತ್ತೊಂದರ ಮೇಲೆ ಬೆರಳಿಗೂ ಲೆಕ್ಕ ತಪ್ಪಿತು.

ಹಾಳೆಯಲ್ಲಿ ಬರೆದದ್ದು: ಐದು.

ಸುಗುಣಾ ಮೇಡಂ ಕನ್ನಡಕ ಹಣೆಗೇರಿಸಿದರು.
ಸೂಚನೆ ಪಾಲಿಸಿಲ್ಲ, ಭಾಷೆ ಬೆರೆತಿದೆ, ತೆಗೆದುಬಿಡು.
ಅವರೆಂದದ್ದು ಸರಿ.
ಒಬ್ಬೊಬ್ಬರಿಗೆ ಒಂದೊಂದು ಕೋಲಾದರೆ ಅದು ಅಳತೆಯಲ್ಲ.
ಹಾಸ್ಟೆಲಿಗೆ ನಡೆಯುತ್ತ ಮೂರು ಸಲ ಹೇಳಿಕೊಂಡೆ,
ಮೂರನೆಯ ಸಲ ತೆಲುಗಲ್ಲಿ,
ಅಮ್ಮನ ಜೊತೆ ಜಗಳಕ್ಕೆಂದೇ ಇಟ್ಟುಕೊಂಡ ಭಾಷೆಯಲ್ಲಿ.

ರಾತ್ರಿ ಹದಿನಾಲ್ಕನೆಯ ಸಾಲನ್ನು ಅಳಿಸಿದೆ.
ಜಾಗ ಖಾಲಿ ಉಳಿಯುತ್ತದೆ ಅಂದುಕೊಂಡಿದ್ದೆ.
ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಹತ್ತಿ ನಿಂತವು.
ಹದಿನೈದಾಗಿದ್ದ ಲೈಬ್ರರಿಯ ಪಾಪಮ್ಮ
ಏನೂ ಅರಿಯದೆ ಹದಿನಾಲ್ಕಾದರು.
ಸರಾಸರಿ ನೆಟ್ಟಗಾಯಿತು.

ಮಲಗುವ ಮುಂಚೆ ಸುಮ್ಮನೆ ನನ್ನನ್ನೇ ಪರೀಕ್ಷಿಸಿಕೊಂಡೆ.
ಏಳು, ನಾಲ್ಕು, ಒಂಬತ್ತು, ಎರಡು...
ನಾನೇ ಹೆಣೆದ ಪಟ್ಟಿ. ಆರನೆಯದು ಹೊಳೆಯಲಿಲ್ಲ.
ಹೋಳೂರಿನ ತಮ್ಮನ ಚೀಟಿ ಮಾತ್ರ ಹಾಗೇ ಇತ್ತು:
ಹದಿನೆಂಟು ಬಾಕ್ಸು,
ಅಣ್ಣನಿಗಿಂತ ಹತ್ತು ರೂಪಾಯಿ ಹೆಚ್ಚು.