ದಿನಕ್ಕೆ ಒಂದು ಗೇಣು

ಎರಡು ಕಿಟಕಿಗೆ ಇಪ್ಪತ್ತೆರಡು ಮೀಟರು.
ಅಳೆದವನು ನಾನೇ, ಲುಗಾನೋದ ಆ ಮನೆಯಲ್ಲಿ,
ಏಣಿಯ ತುದಿಯಲ್ಲಿ ನಿಂತು, ಷೂ ಕಳಚಿ,
ಕಾಲ್ಚೀಲದ ತೂತು ಕಾಣದ ಹಾಗೆ ಬೆರಳು ಮಡಚಿ.
ಕೆಳಗೆ ಬ್ರುನ್ನೆರ್ ದಂಪತಿ ಬಣ್ಣಕ್ಕೆ ಹೆಸರು ಹುಡುಕುತ್ತಿದ್ದರು:
ದ್ರಾಕ್ಷಾರಸ? ಅಲ್ಲ. ಇಟ್ಟಿಗೆ? ಛೆ.
ಒಣಗಿದ ದಾಳಿಂಬೆ ಸಿಪ್ಪೆ ಅಂದೆ ಮೇಲಿನಿಂದ.
ಇಬ್ಬರೂ ಕತ್ತೆತ್ತಿ ನೋಡಿದರು
ದೀಪದ ಗೊಂಚಲು ಮಾತಾಡಿತೇನೋ ಎಂಬಂತೆ.

ವೆನಿಸಿನಲ್ಲಿ ಡಿಸೆಂಬರ್. ಮಂಜಿನಲ್ಲಿ ಸೇತುವೆಗಳಿಗೆ
ಒಂದೇ ದಡ.
ಕಾಲುವೆ ಬದಿಯ ಬಾಗಿಲು ತಳ್ಳಿದರೆ ಎಣ್ಣೆ, ಹಳೇ ಮರ,
ಮುನ್ನೂರು ವರ್ಷದ ಮಗ್ಗ, ಅದರೊಳಗೆ ಹೊಕ್ಕಂತೆ ಕೂತ
ನೆರಿನಾ ಬುಸೆಟ್ಟೊ. ತಿರುಗಿ ನೋಡಲಿಲ್ಲ.
ಹಿತ್ತಾಳೆ ಕಡ್ಡಿಯ ಮೇಲೆ ಅಲಗು ಹಾಯುತ್ತಿತ್ತು.
ಹಾಯುವಷ್ಟು ಹೊತ್ತೂ ಅವಳು ಉಸಿರಾಡುವುದಿಲ್ಲ,
ನಾನೂ ಆಡಲಿಲ್ಲ.
ಕುಣಿಕೆ ಕತ್ತರಿಸಿದಲ್ಲಿ ಗಾಢ,
ಹಾಗೇ ಬಿಟ್ಟಲ್ಲಿ ಹೊಳಪು,
ಎರಡರ ನಡುವೆ ಒಂದು ದಾಳಿಂಬೆ ಬಾಯಿ ಬಿಡುತ್ತಿತ್ತು.

ದಿನಕ್ಕೆ ಎಷ್ಟು?
ಎಡಗೈ ಚಾಚಿ ತೋರಿಸಿದಳು: ಒಂದು ಗೇಣು.
ಭಾನುವಾರ ಬಿಟ್ಟು.
ಸ್ವಲ್ಪ ಬೇಗ ಆಗೋದಿಲ್ವ?
'ಆಗುತ್ತೆ. ಆಮೇಲೆ ಅದು ಮಖಮಲ್ಲಲ್ಲ, ಬರೀ ಪರದೆ.'

ಕಾಫಿಗೆ ಮೇಲಕ್ಕೆ ಕರೆದಳು.
ಅಡುಗೆಮನೆ ಕಿಟಕಿ ಬೋಳು. ಒಂದು ಚಿಂದಿಯೂ ಇಲ್ಲ.
ನನ್ನ ಕಣ್ಣು ಹೋದಲ್ಲಿಗೇ ಅವಳ ಮಾತು ಹೋಯಿತು:
'ನೀರು ಎಷ್ಟೇರಿದೆ ಅಂತ
ರಾತ್ರಿ ಎದ್ದು ನೋಡಬೇಕಲ್ಲ ಮಾರಾಯ.'

ಫೆಬ್ರವರಿಯಲ್ಲಿ ಫೋನು. ದಂಪತಿಗೆ ಈಗ
ನಾರುಬಟ್ಟೆ ಬೇಕಂತೆ, ಬೂದಿ ಬಿಳಿ.
ಮನೆಗೆ ಮೌನ ಬೇಕಂತೆ.
ಮಿಲಾನಿನಿಂದ ನನ್ನ ಯಜಮಾನ ಗ್ವಾಲ್ತೀರೋ:
ಅರ್ಧ ದುಡ್ಡು ಕೊಡೋಣ, ನಿಲ್ಲಿಸು ಅನ್ನು, ನಗುನಗುತ್ತಾ ಅನ್ನು.

ನಗಲಿಲ್ಲ. ಹೇಳಿದೆ.
ಅವಳು ಲಾಳಿಯನ್ನು ಆಚೆ ದಡ ಮುಟ್ಟಿಸಿ,
ನೂಲು ಬಿಗಿ ಮಾಡಿ, ಸುತ್ತಿದ್ದನ್ನು ಬಿಚ್ಚಿ ಅಳೆದಳು.
ಒಂಬತ್ತು ಮೀಟರು ನಲವತ್ತು.
ಒಂದು ಕಿಟಕಿಗೂ ಸಾಲದು,
ಒಬ್ಬ ಮನುಷ್ಯನಿಗೆ ಹೆಚ್ಚು.
ಮತ್ತೆ ಕೂತಳು. ಇದೇನು ಅಂದೆ.
'ಇವತ್ತಿನ ಗೇಣು ಬಾಕಿ ಇದೆ.
ಹಾಸು ಬಿಗಿದಿದೆ, ನೋಡು. ಹೇಳದೆ ಕೇಳದೆ
ಸಡಿಲ ಬಿಟ್ಟರೆ ಮುನಿಸಿಕೊಳ್ಳುತ್ತೆ.'

ಸಂಜೆಯವರೆಗೆ ನಿಂತೇ ಇದ್ದೆ. ಮೂರು ರೈಲು ತಪ್ಪಿದವು.
ದೀಪ ಹಚ್ಚುವ ಹೊತ್ತಿಗೆ ಆ ದಿನದ ಗೇಣನ್ನೇ ಕತ್ತರಿಸಿ,
ಕಾಗದ ಸುತ್ತದೆ, ನನ್ನ ಕೈಗಿಟ್ಟಳು,
ಚಿಲ್ಲರೆ ವಾಪಸು ಕೊಡುವವಳ ಹಾಗೆ.

ನಾರುಬಟ್ಟೆ ತೂಗುಹಾಕಿದವನೂ ನಾನೇ.
ಅದೇ ಏಣಿ, ಕಾಲ್ಚೀಲ ಮಾತ್ರ ಹೊಸದು.
ಸರೋವರದ ಬೆಳಕು ಸೋಸಿ ಬಂದು
ನೆಲದ ಮೇಲೆ ಹಾಲಿನಂತೆ ನಿಂತಿತು.
ಚೆನ್ನಾಗಿತ್ತು. ಸುಳ್ಳು ಹೇಳಲಾರೆ.
ಬ್ರುನ್ನೆರಮ್ಮ ಕಣ್ಣು ಮುಚ್ಚಿ
'ಕೇಳಿಸ್ತಾ ಇದೆಯಾ, ಏನೂ ಕೇಳಿಸ್ತಾ ಇಲ್ಲ' ಅಂದರು.

ನನ್ನ ಕೈ ಕೋಟಿನ ಜೇಬಿನಲ್ಲಿತ್ತು.
ಹೀಗೆ ಸವರಿದರೆ ಬೆಕ್ಕು,
ಹಾಗೆ ಸವರಿದರೆ ಬೆಕ್ಕಿನ ಸಿಟ್ಟು.
ಹೆಬ್ಬೆರಳಿಗೆ ದಿನಾ ಸಿಗುವ ಒಂದು ಮೂಲೆಯಲ್ಲಿ
ನವಿರು ಆಗಲೇ ಸವೆದು ನೂಲು ಕಾಣುತ್ತಿದೆ.
ಅಷ್ಟು ಜಾಗ ಅವಳಿಗೆ
ಸುಮಾರು ಇಪ್ಪತ್ತು ನಿಮಿಷ.