ಸಾಲುಧೂಪ

ಕರಿಕೆ ಘಾಟಿಯ ಮರಗಳಿಗೆ ನಂಬರು ಬರೆದವನು ನಾನು.
ಬಿಳಿ ಬಣ್ಣದ ಡಬ್ಬಿ, ಮೋಟು ಬ್ರಷ್ಷು.
ಎದೆಮಟ್ಟಕ್ಕೆ ಟೇಪು ಸುತ್ತಿ ನಾನು ಕೂಗಿದ ಅಳತೆ
ರೈಟರ್ ಕುಂಞಂಬುವಿನ ಪುಸ್ತಕದಲ್ಲಿ
ಆಗಲೇ ಹಲಗೆ.

ಮುನ್ನೂರ ಹನ್ನೆರಡರ ಬುಡದಲ್ಲಿ
ಕುಡಿಯರ ದೇವಕ್ಕಿ ಬೀಜ ಆಯುತ್ತಿದ್ದಳು.
ಒಣಗಿಸಿ, ಕುಟ್ಟಿ, ಕುದಿಸಿ, ಆರಲು ಬಿಟ್ಟರೆ
ಮೇಲೆ ಕಟ್ಟುವುದು ಬೆಳ್ಳನೆ ತುಪ್ಪ,
ದೀಪಕ್ಕೆ, ಬಾಣಂತಿಯ ಸೊಂಟಕ್ಕೆ.
ನನ್ನ ಒಡೆದ ಹಿಮ್ಮಡಿ ನೋಡಿ
ಎಲೆಯಲ್ಲಿ ಒಂದಿಷ್ಟು ಕೊಟ್ಟಳು.
ಹಚ್ಚಿಕೊಂಡೆ.
ಮರುದಿನ ಕುಂಟದೆ ನಡೆದು
ಇನ್ನೂ ನಲವತ್ತು ಮರಕ್ಕೆ ನಂಬರು ಹಾಕಿದೆ.

ಮಿಲ್ಲಿನಲ್ಲಿ ದಿಮ್ಮಿ ಗಿರಗಿರ ತಿರುಗಿ
ಸುತ್ತಿಟ್ಟ ಚಾಪೆಯಂತೆ ಬಿಚ್ಚಿಕೊಳ್ಳುತ್ತಿತ್ತು.
ಟೀ ಪೆಟ್ಟಿಗೆಯಾಗಿ ಹಡಗು ಹತ್ತಿತು ಎಂದರು.
ನಾನು ಹಡಗು ಕಂಡವನಲ್ಲ.

ಈಗ ಅಲ್ಲಿ ಸಿಲ್ವರ್ ಓಕು, ಮೈತುಂಬ ಮೆಣಸಿನ ಬಳ್ಳಿ.
ದೇವರಕಾಡಿನಲ್ಲಿ ಉಳಿದಿರುವುದು ಒಂದೇ.
ಅದಕ್ಕೆ ನಂಬರಿಲ್ಲ.
ಅದರ ಬೀಜಕ್ಕೆ ಕಾಯುವ ಗುಣವೂ ಇಲ್ಲ,
ಬಿದ್ದಷ್ಟು ಬೇಗ ಮೊಳೆಯಬೇಕು, ಇಲ್ಲವೇ ಸಾಯಬೇಕು.

ಕಕ್ಕಡದ ಮಳೆಯಲ್ಲಿ ನಾಲ್ಕು ಹೆಕ್ಕಿ ತಂದು
ಗೂಟಕ್ಕೆ ಕೋಟು ನೇತುಹಾಕಿ ಮರೆತೆ.
ವಾರ ಕಳೆದು ಕೈ ಹಾಕಿದರೆ
ಮೂರು ಕೊಳೆತಿದ್ದವು.
ಒಂದು ಮಾತ್ರ ಬಿರಿದಿತ್ತು ಜೇಬಿನ ಕತ್ತಲಲ್ಲಿ,
ನನ್ನ ಅಂದಿನ ಹಿಮ್ಮಡಿಯ ಹಾಗೆ.