ಗರಗಸದ ಹಲ್ಲಿನ ಲೆಕ್ಕ

ಕೋಡಿಬಾಗದ ಮಿಲ್ಲಿನಲ್ಲಿ ನನ್ನದು
ಹಲ್ಲು ಕಟ್ಟುವ ಕೆಲಸ.
ಇಪ್ಪತ್ತೆಂಟು ಅಡಿ ಪಟ್ಟಿ ಗರಗಸ,
ಒಂದೊಂದೇ ಹಲ್ಲು ಮುಟ್ಟಿ ನೋಡಿ ಅರದಿಂದ ಉಜ್ಜುವುದು.
ಡಾಕ್ಟರೇ ಅಂತಾರೆ ಲಾರಿಯವರು.
ಸಂಬಳ ಕಂಪೌಂಡರಿನದು.

ಮರ ಯಾವ ದೇಶದ್ದೆಂದು ಕಾಗದದಲ್ಲಿ ಬರೆದಿರುತ್ತದೆ,
ನಾನು ಕಾಗದ ನೋಡುವುದಿಲ್ಲ.
ಸಂಜೆ ಇಳಿಸಿದ ಪಟ್ಟಿಯ ಮೇಲೆ
ಹೆಬ್ಬೆರಳು ಎಳೆದರೆ ಸಾಕು.
ಬರ್ಮಾ ಆದರೆ ಹಲ್ಲು ನಿಧಾನ ಸವೆದಿರುತ್ತದೆ.
ಅದು ವಯಸ್ಸಾದ ವಕೀಲನ ಮಾತಿನ ಹಾಗೆ,
ಎಣ್ಣೆ ಇದೆ, ಒಳಗೆಲ್ಲೋ ಮರಳೂ ಇದೆ.
ಘಾನಾ ಆದರೆ ಸರಸರ,
ಹೊರಗಿನ ಬಿಳಿಯೇ ಅರ್ಧ,
ಗಂಟಿಗೆ ತಾಗಿದಾಗ ಮಾತ್ರ ಒಂದು ಕಿರುಚು.

ನಾನು ಸೇರಿದ ವರ್ಷ ಎಲ್ಲ ಬರ್ಮಾ.
ಒಂದು ಲಾರಿಗೆ ಮೂರೇ ದಿಮ್ಮಿ,
ಅಪ್ಪಲು ಇಬ್ಬರ ತೋಳು ಬೇಕು.
ಆಮೇಲೆ ಒಬ್ಬರ ತೋಳು ಸಾಕಾಯಿತು.
ಆಮೇಲೆ ಟೇಪು ಹಿಡಿದ ಹುಡುಗ
‘ಇದನ್ನೂ ದಿಮ್ಮಿ ಅಂತಲೇ ಬರೆಯಲಾ?’ ಅಂದ.
ಅಲ್ಲಿಯವರು ದುಂಡು ಮರ ಹೊರಗೆ ಬಿಡುವುದಿಲ್ಲವಂತೆ
ಎಂದು ಪಟೇಲ ಸೇಠರು ಫೋನಿಟ್ಟು ಹೇಳಿದರು,
ನೆಂಟರ ಮನೆಯ ಸಾವಿನ ಸುದ್ದಿಯಂತೆ,
ಚಹಾ ಮುಗಿಸಿ.

ಆಫೀಸಿನ ಇನಾಸಿನಾ ಬಾಯಿ
ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆಯುತ್ತಿದ್ದಳು,
ಬರ್ಮಾ ಕೆಂಪು, ಘಾನಾ ನೀಲಿ.
ಕೆಂಪು ಮೆಟ್ಟಿಲು ಎಡವಿದವನ ಹಾಗೆ ಇಳಿಯಿತು.
ನೀಲಿ ಏರಿತು, ಸದ್ದಿಲ್ಲದೆ,
ಭರತದ ನೀರು ಕಾಳಿಯೊಳಗೆ ನುಗ್ಗುವಂತೆ.
ಒಂದು ಜೂನಿನಲ್ಲಿ ಎರಡೂ ಒಂದನ್ನೊಂದು ದಾಟಿದವು.
ಆ ದಿನ ಮಿಲ್ಲಿನಲ್ಲಿ ಏನೂ ಆಗಲಿಲ್ಲ.
ಬೋಟು ಬಂದ್ ಇತ್ತು,
ಊಟಕ್ಕೆ ಒಣಮೀನು.

ದಿಮ್ಮಿ ಉರುಳಿಸುವ ಬಸ್ತ್ಯಾಂವ ಸಿದ್ದಿಗೆ
ಹೊಸ ಸೂಪರ್‌ವೈಸರ್ ನಗುತ್ತ ಅಂದ:
‘ನಿಮ್ಮೂರ ಮರ ಬಂತಲ್ಲ, ಮಾತಾಡಿಸು.’
ಬಸ್ತ್ಯಾಂವ ಹಾರೆ ಇಳಿಸಿದ.
ಕೊಯ್ದ ತಲೆಯ ಹತ್ತಿರ ಬಗ್ಗಿ, ಉಂಗುರಗಳ ಮೇಲೆ
ಉಗುರು ಓಡಿಸಿದ.
‘ನಮ್ಮೂರು ಯಲ್ಲಾಪುರದ ಆಚೆ.
ನಮ್ಮೂರ ಮರ ಡಿಪೋದಲ್ಲಿದೆ, ಮುಟ್ಟಿದರೆ ಕೇಸು.
ಇದಕ್ಕೆ ಪಾಪ, ಹದಿನೆಂಟು ವರ್ಷ.’
ನಾನು ಎಣಿಸಿದೆ. ಹದಿನೇಳು.
ಒಂದು ವರ್ಷಕ್ಕೆ ಯಾರು ಜಗಳಾಡುತ್ತಾರೆ.

ಕಳೆದ ವಾರ ಬಂದ ಲೋಡು,
ಕಾಗದದಲ್ಲಿ ಘಾನಾ.
ಸಂಜೆ ಹೆಬ್ಬೆರಳು ಎಳೆದೆ,
ಎಣ್ಣೆ. ಮರಳು.
ಮತ್ತೆ ಎಳೆದೆ. ಹನ್ನೊಂದನೆಯ ಹಲ್ಲು ಇರಲಿಲ್ಲ.
ಹೊಟ್ಟಿನ ರಾಶಿ ಕೆದಕಿ, ಹಲಗೆ ತಿರುವಿ ನೋಡಿದರೆ
ಮರದ ಮಾಂಸದಲ್ಲಿ ಒಂದು ಗುಂಡು,
ಯಾರಿಗೋ ತಪ್ಪಿದ್ದು.
ಅದರ ಹೊರಗೆ, ಗಾಯ ಮುಚ್ಚಿಕೊಂಡು,
ನಲವತ್ತೊಂದು ಉಂಗುರ.

ಇನಾಸಿನಾ ಬಾಯಿ ಎರಡೂ ಪೆನ್ಸಿಲು ಹಿಡಿದು
ಬಾಗಿಲಲ್ಲಿ ನಿಂತಿದ್ದಳು.
ಹದಿನಾರು ವರ್ಷದಲ್ಲಿ ಮೊದಲ ಸಲ ಕೇಳಿದಳು,
‘ಡಾಕ್ಟರೇ, ಯಾವ ಬಣ್ಣ?’
ಅವಳ ಹಿಂದೆ ಸೇಠರ ಫ್ಯಾನು ತಿರುಗುತ್ತಿತ್ತು.
ನೀಲಿ, ಅಂದೆ.

ಸದಾಶಿವಗಡಕ್ಕೆ ಹೋಗುವಾಗ
ಸೇತುವೆಯ ನಡುವೆ ಸೈಕಲ್ಲು ನಿಲ್ಲಿಸಿದೆ.
ಕಿಸೆಯಿಂದ ತೆಗೆದೆ. ಕೆಳಗೆ ಇಳಿತದ ನೀರು,
ಹಾಕಿದ್ದನ್ನೆಲ್ಲ ಸಮುದ್ರಕ್ಕೆ ಒಯ್ಯುವ ಹೊತ್ತು.
ಎಸೆಯಲಿಲ್ಲ.
ಈಗ ಅದು ಅರಗಳ ಡಬ್ಬಿಯಲ್ಲಿದೆ,
ಒಂದೊಂದು ಅರ ತೆಗೆದಾಗಲೂ
ಡಬ್ಬಿಯ ತಳದಲ್ಲಿ ಉರುಳುತ್ತದೆ.